ಎರಡನೇ ಬ್ರೇಕು

ಆ ಬೆಳಿಗ್ಗೆ ಕಾರು ಕಲಿಸುವ ಮೇಷ್ಟ್ರಿಗೆ ಎಚ್ಚರವಾದಾಗ ನೋವಿರಲಿಲ್ಲ.

ಬೆನ್ನುಮೂಳೆಯ ಎರಡು ಮಣಿಗಳನ್ನು ಸರಳು, ಸ್ಕ್ರೂ ಹಾಕಿ ಬೆಸೆದು ವರ್ಷ ಕಳೆದಿತ್ತು. ಬೆಸುಗೆ ಚೆನ್ನಾಗಿ ಕೂತಿದೆ ಎಂದು ಎಕ್ಸ್‌ರೇ ಹೇಳುತ್ತಿತ್ತು. ನೋವು ಮಾತ್ರ ಬಾಡಿಗೆ ಕೊಡದೆ ಠಿಕಾಣಿ ಹೂಡಿದವನ ಹಾಗೆ ಸೊಂಟದಲ್ಲಿ ಕೂತು, ಬಲಗಾಲಿನ ಹಿಂಬದಿಯಲ್ಲಿ ಪಾದದವರೆಗೆ ಓಡಾಡಿಕೊಂಡಿತ್ತು. ಮೇಷ್ಟ್ರು ಅದರ ಜೊತೆ ಬಾಳುವುದನ್ನು ಕಲಿತಿದ್ದರು. ಮಗ್ಗುಲಿಗೆ ಹೊರಳಿಯೇ ಏಳುತ್ತಿದ್ದರು. ಕಾರಿನ ಸೀಟಿಗೆ ಟವೆಲ್ ಸುತ್ತಿ ಒತ್ತು ಕೊಡುತ್ತಿದ್ದರು. ಇಡೀ ರಾತ್ರಿ ನಿದ್ದೆ ಬಂದದ್ದು ಇದೇ ಮೊದಲು.

"ಏನ್ರೀ, ನರಳಾಟನೇ ಇರ್ಲಿಲ್ಲ. ಉಸಿರಾಡ್ತಿದೀರಾ ಅಂತ ನಾನೇ ಎದ್ದು ನೋಡ್ದೆ," ಎಂದಳು ಹೆಂಡತಿ.

"ಹೋಯ್ತು ಕಣೇ. ಕೈಯಲ್ಲಿ ತೆಗೆದು ಹಾಕಿದ ಹಾಗೆ."

"ಬೆನ್ನಲ್ಲಿರೋ ಸ್ಕ್ರೂ ಬಿಗಿಯಾಯ್ತು ಅನ್ನಿ. ಇನ್ನು ತಲೇಲಿರೋದು ಬಾಕಿ." ನಕ್ಕವಳು ಅವರ ಕಾಲಿನತ್ತ ನೋಡಿದಳು. "ಕಾಲು? ನೋವಿದ್ರೆ ತಾಳ್ಕೊಳ್ಳಿ, ಕಾಲು ಮರಗಟ್ಟಿದ್ರೆ ಮಾತ್ರ ಓಡಿ ಬನ್ನಿ ಅಂದಿದ್ರು ಡಾಕ್ಟ್ರು."

"ಗುಂಡುಕಲ್ಲಿನ ಹಾಗಿದೆ, ಹೋಗೇ."

ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಅವಳು ಕರೆದಳು. ಬಲಗಾಲಿನ ಚಪ್ಪಲಿ ಮೆಟ್ಟಿಲ ಮೇಲೇ ಉಳಿದಿತ್ತು. ಅಂಗಳದ ಜಲ್ಲಿಯ ಮೇಲೆ ಬರಿಗಾಲಲ್ಲಿ ನಡೆದು ಬಂದದ್ದು ಅವರಿಗೆ ತಿಳಿದಿರಲಿಲ್ಲ.

"ಹಳೇ ಚಪ್ಪಲಿ, ಸಡಿಲ ಆಗಿದೆ," ಎಂದರು. ಅವಳು ಚಪ್ಪಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಕಾರಿನಲ್ಲಿದ್ದ ಬೂಟು ಹಾಕಿಕೊಂಡು ಹೊರಟರು.

ಊರಿನವರು ಅವರನ್ನು ಬ್ರೇಕ್ ಮೇಷ್ಟ್ರು ಎನ್ನುತ್ತಿದ್ದರು. ಕಲಿಸುವ ಕಾರಿನಲ್ಲಿ ಕಲಿಯುವವರ ಬ್ರೇಕಿನ ಜೊತೆಗೆ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕಿತ್ತು. ಹೊಸಬರು ಗಾಬರಿಯಲ್ಲಿ ಬ್ರೇಕೆಂದು ಆಕ್ಸಿಲರೇಟರ್ ತುಳಿಯುತ್ತಾರೆ. ಅದಕ್ಕೇ ಅವರದೊಂದು ನಿಯಮವಿತ್ತು: ಹೆದರಿಕೆಯಾದರೆ ಏನೂ ತುಳಿಯಬೇಡಿ, ಎರಡೂ ಕಾಲು ಎತ್ತಿಬಿಡಿ, ಮಿಕ್ಕದ್ದು ನನಗಿರಲಿ. ಆ ಸೀಟಿನಲ್ಲಿ ಕೂರಲು ಬೇಕಾದದ್ದು ಒಂದು ಬಲಗಾಲು, ಅಷ್ಟೇ. ಆಪರೇಷನ್ ಆದ ಮೇಲೆ ಆ ಕಾಲು ಹೇಗಿದೆ ಎಂದು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಅಂದಿನ ಮೊದಲ ಪಾಠ ಹೊಲಿಗೆ ಅಂಗಡಿಯಾಕೆಗೆ.

"ಮುಖದಲ್ಲಿ ಕಳೆ ಇದೆ ಮೇಷ್ಟ್ರೇ. ಬೆನ್ನು ವಾಸಿನಾ?"

"ವಾಸಿ. ನೀವು ರಸ್ತೆ ನೋಡಿ."

"ನನ್ನ ಹೊಲಿಗೆನೂ ಹಾಗೇ. ಮೇಲೆ ನೀಟು, ಒಳಗಿಂದು ದೇವರೇ ಬಲ್ಲ."

ಮಾರುಕಟ್ಟೆಗೆ ಇಳಿಯುವ ರಸ್ತೆ ಬಂತು. ಕೆಳಗೆ ಬಸ್ಸು ನಿಂತಿತ್ತು. ಇಳಿದವರು ಅದರ ಹಿಂದಿನಿಂದ ರಸ್ತೆ ದಾಟುತ್ತಿದ್ದರು. ಆಕೆ ಗೇರು ಇಳಿಸಲು ಹೋದಳು. ಗೇರು ನ್ಯೂಟ್ರಲ್‌ನಲ್ಲಿ ನಿಂತಿತು, ಕಾರು ಜಾರತೊಡಗಿತು. ಆಕೆ ಉಸಿರು ಬಿಗಿಹಿಡಿದು, ಹೇಳಿಕೊಟ್ಟಂತೆ ಚಾಚೂ ತಪ್ಪದೆ ಎರಡೂ ಕಾಲು ಎತ್ತಿದಳು.

ಮೇಷ್ಟ್ರು ಬ್ರೇಕು ತುಳಿದರು. ಕಾರು ನಿಲ್ಲಲಿಲ್ಲ. ಇನ್ನೂ ಬಲವಾಗಿ ತುಳಿದರು. ಬಸ್ಸಿನ ಹಿಂಬದಿಯ ಅಕ್ಷರಗಳು ದೊಡ್ಡವಾಗುತ್ತ ಬಂದವು. ಅವರು ಕೆಳಗೆ ನೋಡಿದರು. ಬೂಟು ಪೆಡಲಿನ ಪಕ್ಕದಲ್ಲಿ, ಮ್ಯಾಟಿನ ಮೇಲೆ ಓರೆಯಾಗಿ ಬಿದ್ದಿತ್ತು. ಅದರೊಳಗೆ ಅವರದೇ ಕಾಲಿತ್ತು.

ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದರು. ಟೈರು ಕಿರುಚಿತು. ಕಾರು ಬಸ್ಸಿನಿಂದ ಮಾರುದೂರದಲ್ಲಿ ನಿಂತಿತು. ಮಗುವನ್ನೆತ್ತಿಕೊಂಡಿದ್ದ ಹೆಂಗಸೊಬ್ಬಳು ನಡುರಸ್ತೆಯಲ್ಲಿ ನಿಂತು ಇತ್ತಲೇ ನೋಡುತ್ತಿದ್ದಳು.

"ಕಾಲು ಎತ್ತಿಬಿಟ್ಟೆ ಮೇಷ್ಟ್ರೇ, ನೀವು ಹೇಳಿದ ಹಾಗೇ," ಎಂದಳು ಹೊಲಿಗೆ ಅಂಗಡಿಯಾಕೆ. "ಸ್ವಲ್ಪ ತಡವಾಗಿ ಹಾಕಿದ್ರಿ ಬ್ರೇಕು. ನನ್ನ ಪರೀಕ್ಷೆ ಮಾಡಿದ್ರಾ?"

ಮೇಷ್ಟ್ರು ಬಲಗಾಲಿನ ಮೀನಖಂಡವನ್ನು ಉಗುರು ನಾಟುವಂತೆ ಚಿವುಟಿದರು. ಬೇರೆ ಯಾರದೋ ಕಾಲನ್ನು ಚಿವುಟಿದಂತಿತ್ತು. ಕೀಲಿ ತೆಗೆದು ಆಕೆಯ ಕೈಗಿಟ್ಟರು.

"ಇದು ನಿಮ್ಮ ಹತ್ರ ಇರ್ಲಿ. ನಾನು ಕೇಳಿದ್ರೂ ಕೊಡ್ಬೇಡಿ."

ಆಮೇಲೆ ಹೆಂಡತಿಗೆ ಫೋನು ಮಾಡಿದರು. "ನೋವು ಇನ್ನೂ ಬಂದಿಲ್ಲ ಕಣೇ," ಎಂದರು.

ಒಳ್ಳೇದಾಯ್ತಲ್ಲ ಎಂದು ಅವಳು ಹೇಳಲಿಲ್ಲ.

"ಎಲ್ಲಿದೀರಿ? ಕಾಲೂರಬೇಡಿ. ಬಂದೆ."

ಅವರು ಟವೆಲಿಗೆ ಬೆನ್ನು ಒತ್ತಿ ಕೂತರು. ಇನ್ನೂ, ಇನ್ನೂ ಒತ್ತಿದರು. ವರ್ಷವಿಡೀ ಬೇಡವೆಂದು ಬೈದ ಆ ಹಳೆಯ ನೋವು ಎಲ್ಲಾದರೂ ಒಂದೆಳೆ ಉಳಿದಿದೆಯೇ ಎಂದು ಹುಡುಕುತ್ತ.