ಹಿಂಬಾಗಿಲಿನಿಂದ ಹೋದ ಕಂಪ್ಯೂಟರ್

ಫಳ್ನೀರಿನ ಆ ದೊಡ್ಡ ಆಸ್ಪತ್ರೆಯ ಸ್ಟೋರ್ ಶಶಿಪ್ರಭಾಳ ಉಸ್ತುವಾರಿಯಲ್ಲಿತ್ತು. ಹತ್ತಿಯಿಂದ ಹಿಡಿದು ಆಕ್ಸಿಜನ್ ಸಿಲಿಂಡರಿನವರೆಗೆ ಎಲ್ಲವೂ ಅವಳ ಕಣ್ಣೆದುರೇ ಒಳಗೆ ಬರಬೇಕು, ಹೊರಗೆ ಹೋಗಬೇಕು. 1989ರ ಬೇಸಿಗೆಯಲ್ಲಿ ಅವಳಿಗೆ ತಲೆನೋವಾಗಿದ್ದುದು ಹಳೆಯ ಕಂಪ್ಯೂಟರ್. ಬಿಲ್ಲು ಮಾಡಲೆಂದು ಕೆಲವು ವರ್ಷಗಳ ಹಿಂದೆ ತರಿಸಿದ್ದ ಕಪಾಟಿನಷ್ಟು ದೊಡ್ಡ ಯಂತ್ರ, ಟಿ.ವಿ.ಯಂಥ ಪರದೆಗಳು, ಬ್ಯಾಟರಿಗಳು, ಸುತ್ತಿಟ್ಟ ದಪ್ಪ ಕೇಬಲ್‌ಗಳು. ಹೊಸದು ಬಂದ ಮೇಲೆ ಇವೆಲ್ಲ ಮಕ್ಕಳ ವಾರ್ಡಿನ ಪಕ್ಕದ ಕೋಣೆಯಲ್ಲಿ ರಾಶಿ ಬಿದ್ದಿದ್ದವು. ಮಂಚ ಸಿಗದ ಮಕ್ಕಳು ವರಾಂಡದಲ್ಲಿ ಚಾಪೆಯ ಮೇಲೆ ಮಲಗಿದ್ದರು.

"ಆ ಕೋಣೆ ಒಮ್ಮೆ ಖಾಲಿ ಮಾಡಿಸಿ ಮಾರಾಯ್ರೆ," ಎಂದರು ಆಡಳಿತಾಧಿಕಾರಿ ಚಿತ್ತರಂಜನ ಶೆಟ್ಟರು. "ಮಕ್ಕಳನ್ನು ನೆಲದ ಮೇಲೆ ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಶಶಿಪ್ರಭಾ ಗುಜರಿಯ ಅಬ್ದುಲ್ಲನಿಗೆ ಹೇಳಿ ಕಳುಹಿಸಿದಳು. ಅವನ ಲಾರಿ ಹಿಂಬಾಗಿಲಿಗೆ ಬಂತು. ಅರ್ಧ ಸಾಮಾನು ಹೋಯಿತು. ಉಳಿದದ್ದನ್ನು ಮುಂದಿನ ವಾರ ಒಯ್ಯುತ್ತೇನೆಂದ. ಖಾಲಿಯಾದ ಮೂಲೆಯಲ್ಲಿ ಆ ಸಂಜೆಯೇ ಎರಡು ಮಂಚ ಹಾಕಿಸಿ ಅವಳು ನೆಮ್ಮದಿಯಿಂದ ಮನೆಗೆ ಹೋದಳು.

ಅವಳ ಮನೆ ಸುರತ್ಕಲ್ಲಿನಲ್ಲಿ. ದಿನಾ ಹಂಪನಕಟ್ಟೆಯಲ್ಲಿ ಬಸ್ಸು ಹತ್ತಿ ಕೂಳೂರು ಸೇತುವೆ ದಾಟಿ ಹೋಗಬೇಕು. ಒಂದು ಸಂಜೆ ಸೇತುವೆ ಹತ್ತಿರವಾಗುತ್ತಿದ್ದಂತೆ ಬಸ್ಸಿನೊಳಗೆ ಕಮಟು ವಾಸನೆ ನುಗ್ಗಿತು. ಎಲ್ಲರ ಹಾಗೆ ಅವಳೂ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಹೊಳೆಯ ದಂಡೆಯಲ್ಲಿ ಕಪ್ಪು ಹೊಗೆ ಏಳುತ್ತಿತ್ತು. ಬೆಂಕಿಗೆ ಗಾಳಿ ತಾಗದಂತೆ ಆ ಹಳೆಯ ಕಂಪ್ಯೂಟರಿನ ತಗಡಿನ ಬಾಗಿಲನ್ನು ನಿಲ್ಲಿಸಿದ್ದರು. ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಆಸ್ಪತ್ರೆಯ ಹೆಸರು ಬಸ್ಸಿನ ಕಿಟಕಿಯಿಂದಲೇ ಕಾಣುತ್ತಿತ್ತು. ಅದನ್ನು ಬರೆಸಿದವಳು ಅವಳೇ.

ಮುಂದಿನ ಸ್ಟಾಪಿನಲ್ಲಿ ಇಳಿದು ಅವಳು ಹಿಂದಕ್ಕೆ ನಡೆದಳು.

ಬೆಂಕಿಯ ಬಳಿ ಇದ್ದವಳು ಹೇಮಾಕ್ಷಿ, ಅಲ್ಲೇ ಹತ್ತಿರದ ಮನೆಯವಳು. ಬಾಯಿಗೆ ಬೈರಾಸಿನ ಬಟ್ಟೆ ಕಟ್ಟಿಕೊಂಡು, ಉರಿಯುವ ಕೇಬಲ್‌ಗಳನ್ನು ಕಬ್ಬಿಣದ ಸಲಾಕೆಯಿಂದ ತಿರುವುತ್ತಿದ್ದಳು. ಕಣ್ಣು ಕೆಂಡದಂತಾಗಿತ್ತು. ಮಾತಾಡಲು ಹೋಗಿ ಕೆಮ್ಮಿದಳು. ಕೆಮ್ಮು ನಿಲ್ಲಲೇ ಇಲ್ಲ. ಆಚೆ ಇಬ್ಬರು ಹೆಂಗಸರು ಪರದೆಯ ಗಾಜನ್ನು ಕಲ್ಲಿನಿಂದ ಒಡೆಯುತ್ತಿದ್ದರು. ಚೂರುಗಳು ಹೊಳೆಯ ಕೆಸರಿಗೆ ಬೀಳುತ್ತಿದ್ದವು.

"ಇದೆಂತ ಅಬ್ದುಲ್ಲಾಕ, ಹೀಗೆ ಸುಡುವುದಾ?" ಎಂದಳು ಶಶಿಪ್ರಭಾ.

ಲೆಕ್ಕ ನೋಡಲು ಬಂದಿದ್ದ ಅಬ್ದುಲ್ಲ ತಬ್ಬಿಬ್ಬಾದ. "ಮತ್ತೆ ತಾಮ್ರ ಹೇಗೆ ಬರ್ತದೆ ಮೇಡಂ? ಕೈಯಲ್ಲಿ ಸುಲಿದರೆ ದಿನಗಟ್ಟಲೆ ಬೇಕು. ಎಲ್ಲರೂ ಸುಡುವುದೇ. ನಿಮ್ಮಲ್ಲಿಂದ ಹೊರಗೆ ಬಂದ ಮೇಲೆ ಅದು ಎಂತ ಆಯ್ತು ಅಂತ ಇದುವರೆಗೆ ಯಾರೂ ಕೇಳಿದ್ದೇ ಇಲ್ಲ."

ಅವನು ಜಗಳಕ್ಕೆಂದು ಹೇಳಿದ್ದಲ್ಲ. ಅದಕ್ಕೇ ಆ ಮಾತು ಶಶಿಪ್ರಭಾಳಿಗೆ ಚುಚ್ಚಿತು. ಹೇಮಾಕ್ಷಿಗೆ, "ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬಾ, ನಾನು ಡಾಕ್ಟರಿಗೆ ತೋರಿಸ್ತೇನೆ," ಎಂದಷ್ಟೇ ಹೇಳಿ ಹೊರಟಳು.

ಮರುದಿನ ಮೊದಲು ಚಿತ್ತರಂಜನ ಶೆಟ್ಟರ ಕೋಣೆಗೆ ಹೋದಳು. ಹೊಳೆಯ ದಂಡೆಯಲ್ಲಿ ಕಂಡದ್ದನ್ನು ತಿಳಿಸಿ, ಉಳಿದ ಸಾಮಾನು ಕೊಡುವುದು ಬೇಡ ಎಂದಳು.

"ಹಾಗಾದರೆ ಎಲ್ಲಿ ಇಡುವುದು?" ಶೆಟ್ಟರ ಧ್ವನಿ ಏರಿತು. "ಗುಜರಿಗೆ ಕೊಟ್ಟ ಮೇಲೆ ಅದು ಅವನ ಸೊತ್ತು. ನಮಗೆ ಇಲ್ಲಿನ ರೋಗಿಗಳನ್ನು ನೋಡ್ಲಿಕ್ಕೇ ಪುರುಸೊತ್ತಿಲ್ಲ."

"ಡ್ರೆಸ್ಸಿಂಗ್ ಬಟ್ಟೆಯನ್ನು ನಾವು ಕಾಂಪೌಂಡ್ ಆಚೆ ಎಸೆಯುವುದಿಲ್ಲ ಸರ್. ಇದನ್ನು ಮಾತ್ರ ಎಸೆದ ಹಾಗಾಯ್ತು."

"ಬಟ್ಟೆಯಲ್ಲಿ ರೋಗ ಉಂಟು. ಇದು ಬರೇ ಕಬ್ಬಿಣ, ವಯರು."

ಮಾತು ಅಲ್ಲಿಗೇ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಹೇಮಾಕ್ಷಿ ಬಂದಳು. ಡಾಕ್ಟರ್ ವೆರೋನಿಕಾ ಅವಳ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. "ವಿಷದ ಹೊಗೆ ಕುಡಿದಿದ್ದಾಳೆ. ಮದ್ದು ಕೊಡ್ತೇನೆ. ಆದರೆ ಪುನಃ ಅದೇ ಕೆಲಸಕ್ಕೆ ಹೋದರೆ ಮದ್ದು ನಾಟುವುದಿಲ್ಲ," ಎಂದರು.

ವಾರ್ಡ್ ಸುತ್ತಲು ಬಂದ ಶೆಟ್ಟರು ಬೆಂಚಿನ ಮೇಲೆ ಕೆಮ್ಮುತ್ತಿದ್ದವಳನ್ನು ಕಂಡು, ಎಲ್ಲ ರೋಗಿಗಳನ್ನು ವಿಚಾರಿಸುವಂತೆ ವಿಚಾರಿಸಿದರು. "ಎಲ್ಲಿಯವಳಮ್ಮ? ಎಂತ ಆಯ್ತು?"

ಅವರು ಯಾರೆಂದು ಹೇಮಾಕ್ಷಿಗೆ ಗೊತ್ತಿರಲಿಲ್ಲ. "ಕೂಳೂರು ಸರ್. ಇಲ್ಲಿಯ ಕಂಪ್ಯೂಟರಿನ ವಯರು ಸುಟ್ಟದ್ದು." ಉಸಿರು ಎಳೆದುಕೊಂಡು, ತಗ್ಗಿದ ಸ್ವರದಲ್ಲಿ ಕೇಳಿದಳು: "ಉಳಿದದ್ದು ಯಾವಾಗ ಬರ್ತದೆ ಸರ್? ಸ್ಟೋರಿನ ಅಕ್ಕ ನಿಲ್ಲಿಸ್ತಾರೆ ಅಂತ ಹೆದರಿಕೆ. ಕೆಲಸ ಬೇಕಿತ್ತು."

ಶೆಟ್ಟರು ವಾರ್ಡ್ ಸುತ್ತುವುದನ್ನು ಅಲ್ಲಿಗೇ ಬಿಟ್ಟು ಸ್ಟೋರಿನ ಕಡೆಗೆ ನಡೆದರು. ಬಾಗಿಲಲ್ಲಿ ನಿಂತು ಶಶಿಪ್ರಭಾಳನ್ನು ಕೇಳಿದರು: "ಸುಡದೆ ಬೇರೆ ದಾರಿ ಉಂಟಾ?"

ದಾರಿ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಎರಡು ದಿನ ಅದನ್ನೇ ಯೋಚಿಸಿದಳು. ಮೂಳೆ ವಿಭಾಗದಲ್ಲಿ ಒಬ್ಬನ ಕಾಲಿನ ಪ್ಲಾಸ್ಟರನ್ನು ದೊಡ್ಡ ಕತ್ತರಿಯಿಂದ ಉದ್ದಕ್ಕೆ ಸೀಳುತ್ತಿದ್ದುದನ್ನು ಕಂಡಾಗ ಅವಳ ಕಾಲು ಅಲ್ಲೇ ನಿಂತಿತು. ಮೊಂಡಾಗಿ ಮೂಲೆ ಸೇರಿದ್ದ ಅಂಥ ಕತ್ತರಿಗಳು ಸ್ಟೋರಿನಲ್ಲಿದ್ದವು. ಸಾಣೆ ಹಿಡಿಸಿ ಒಂದು ಕೇಬಲ್ ಮೇಲೆ ಪ್ರಯೋಗ ಮಾಡಿದಳು. ಮೊದಲು ಜಾರಿತು, ಬೆರಳಿಗೆ ಗಾಯವಾಯಿತು. ಕೇಬಲನ್ನು ಬಿಸಿಲಿಗಿಟ್ಟು ಮೆತ್ತಗಾದ ಮೇಲೆ ಕತ್ತರಿ ಹಾಕಿದಾಗ ಸಿಪ್ಪೆ ಬಾಳೆಹಣ್ಣಿನದರಂತೆ ಬಿಚ್ಚಿಕೊಂಡಿತು.

ಶೆಟ್ಟರು ಅಬ್ದುಲ್ಲನನ್ನು ಕರೆಸಿ ತೋರಿಸಿದರು. ಅವನು ತಂತಿಯನ್ನು ಬೆಳಕಿಗೆ ಹಿಡಿದು ನೋಡಿದ. "ಮಸಿ ಇಲ್ಲ, ಬಣ್ಣ ಹೋಗಲಿಲ್ಲ. ಇಂಥದ್ದಕ್ಕೆ ಒಳ್ಳೆ ರೇಟು ಉಂಟು. ಆದರೆ ಕೆಲಸ ನಿಧಾನ ಮೇಡಂ."

"ನಿಧಾನ ಆಗಲಿ. ಜಾಗ ನಾವು ಕೊಡ್ತೇವೆ," ಎಂದರು ಶೆಟ್ಟರು.

ಹಳೆಯ ಲಾಂಡ್ರಿಯ ಶೆಡ್ಡು ಖಾಲಿ ಇತ್ತು. ರಾಶಿಯೆಲ್ಲ ಅಲ್ಲಿಗೆ ಹೋಯಿತು. ಮಕ್ಕಳ ಕೋಣೆಗೆ ಇನ್ನಷ್ಟು ಮಂಚ ಬಂತು. ಕೆಮ್ಮು ಇಳಿದ ಮೇಲೆ ಹೇಮಾಕ್ಷಿ ಆ ಇಬ್ಬರು ಹೆಂಗಸರನ್ನೂ ಕರೆದುಕೊಂಡು ಕೆಲಸಕ್ಕೆ ಬಂದಳು. ಬ್ಯಾಟರಿಗಳನ್ನು ಮಾರಿದವರೇ ವಾಪಸು ಒಯ್ದರು. ಒಡೆಯದೆ ಉಳಿದಿದ್ದ ಪರದೆಗಳನ್ನು ಪಾಲಿಟೆಕ್ನಿಕ್ಕಿನವರು ಕಲಿಸಲಿಕ್ಕೆ ಬೇಕೆಂದು ಕೇಳಿ ಪಡೆದರು. ಹೊಳೆಯ ಕೆಸರಿಗೆ ಬಿದ್ದ ಗಾಜನ್ನು ಹೆಕ್ಕಿಸಲು ಶಶಿಪ್ರಭಾ ಜನ ಕಳುಹಿಸಿದಳು. ಪೂರ್ತಿ ಸಿಗಲಿಲ್ಲ. ಆ ಕೊರಗು ಅವಳಲ್ಲಿ ಉಳಿಯಿತು.

ಮಳೆಗಾಲ ಕಳೆದ ಮೇಲೆ, ಔಷಧಿ ವಿಭಾಗಕ್ಕೆ ಇನ್ನೊಂದು ಕಂಪ್ಯೂಟರ್ ಮಾರಲು ಕಂಪೆನಿಯ ತರುಣನೊಬ್ಬ ಟೈ ಕಟ್ಟಿಕೊಂಡು ಬಂದ. ಅದರ ವೇಗ, ನೆನಪಿನ ಶಕ್ತಿ, ಗ್ಯಾರಂಟಿ ಎಲ್ಲವನ್ನೂ ಉತ್ಸಾಹದಿಂದ ವಿವರಿಸಿದ. ಶೆಟ್ಟರು ಪೆನ್ನಿನ ಮುಚ್ಚಳ ತೆಗೆದರು. ಬರೆಯಲಿಲ್ಲ.

"ಇದು ಹಳತಾದ ಮೇಲೆ ಕೊಂಡುಹೋಗುವುದು ಯಾರು?"

ತರುಣ ನಕ್ಕ. ಶೆಟ್ಟರಾಗಲಿ, ಪಕ್ಕದಲ್ಲಿದ್ದ ಶಶಿಪ್ರಭಾ ಆಗಲಿ ನಗಲಿಲ್ಲ.

"ಅದು... ಯಾರೂ ಕೇಳ್ಲಿಲ್ಲ ಸರ್ ಇಷ್ಟರವರೆಗೆ. ಬೆಂಗಳೂರು ಆಫೀಸಿಗೆ ಫೋನ್ ಮಾಡಿ ಕೇಳಬೇಕು."

"ಕೇಳಿ," ಎಂದ ಶೆಟ್ಟರು ಮೇಜಿನ ಮೇಲಿದ್ದ ಫೋನನ್ನು ಅವನ ಕಡೆಗೆ ಸರಿಸಿದರು. "ಅವಸರ ಇಲ್ಲ. ನಾವು ಕಾಯ್ತೇವೆ."