ಅಪ್ಪನ ಮೇಲಿನ ಆಣೆ

"ಅದು ನನ್ನದು ಅಂಕಲ್, ಪೆಟ್ಟಿಗೆಗೆ ಹಾಕ್ಬೇಡಿ," ಎಂದು ಮಗಳ ಕೋಣೆಯ ಗೆಳತಿಯಾಗಿದ್ದ ಹುಡುಗಿ ಅಪ್ಪನ ಕೈಯಿಂದ ನೀಲಿ ಸ್ವೆಟರನ್ನು ಮೆಲ್ಲಗೆ ಬಿಡಿಸಿಕೊಂಡಳು. ಒಂದು ಗಳಿಗೆ ಅದನ್ನೇ ನೋಡುತ್ತ ನಿಂತು ಮತ್ತೆ ಅವರ ಕೈಗೇ ಕೊಟ್ಟಳು. "ಇರ್ಲಿ, ಹಾಕಿ. ನನಗಿಂತ ಅವಳೇ ಜಾಸ್ತಿ ಹಾಕ್ಕೋತಿದ್ಲು."

ಅಪ್ಪ ಸ್ವೆಟರನ್ನು ಮಡಿಸಿದರು. ನಲವತ್ತು ವರ್ಷ ಪುಸ್ತಕ ಬೈಂಡಿಂಗ್ ಮಾಡಿದ ಕೈ ಅದು. ಬಟ್ಟೆಯನ್ನೂ ಹಾಳೆಯ ಹಾಗೆ ಅಂಚಿಗೆ ಅಂಚು ಕೂಡಿಸಿ, ಬೆರಳ ಗೆಣ್ಣಿನಿಂದ ಒಮ್ಮೆ ತೀಡಿ ಮಡಿಸುತ್ತಿತ್ತು. ಎರಡು ಮಂಚ, ಎರಡು ಮೇಜು, ಒಂದು ಕಿಟಕಿಯ ಕೋಣೆ. ಒಂದು ಮಂಚದ ಮೇಲೆ ಹಾಸಿಗೆಯಿತ್ತು, ಇನ್ನೊಂದರ ಮೇಲೆ ಬರೀ ಹಲಗೆ. ಅಪ್ಪ ಬಂದಾಗಿನಿಂದ ಆ ಹಲಗೆಯ ಕಡೆ ಬೆನ್ನು ಮಾಡಿಯೇ ಕೂತಿದ್ದರು.

ಮಗಳು ಹೋಗಿ ಎರಡು ತಿಂಗಳಾಗಿತ್ತು. ಮೂರು ದಿನದ ಜ್ವರ. ಮೂರನೆಯ ದಿನ ಆಸ್ಪತ್ರೆಗೆ ಸೇರಿಸಿದರು, ನಾಲ್ಕನೆಯ ದಿನ ಫೋನು ಬಂತು. ದೇಹ ಊರಿಗೆ ಬಂದು, ಆಗಬೇಕಾದದ್ದೆಲ್ಲ ಆಗಿಹೋಯಿತು. ಕೋಣೆಯ ಸಾಮಾನನ್ನು ತಾವೇ ಕಟ್ಟಿ ಕಳಿಸುವುದಾಗಿ ಕಾಲೇಜಿನವರು ಬರೆದಿದ್ದರು. ಬೇಡ, ನಾನೇ ಬರುತ್ತೇನೆಂದು ಅಪ್ಪ ಹೊರಟರು. ಹೊರಡುವ ದಿನ ಹೆಂಡತಿ ಬಾಗಿಲವರೆಗೆ ಬಂದು ಒಂದೇ ಮಾತು ಹೇಳಿದ್ದಳು. ಆ ಎರಡು ತಿಂಗಳಲ್ಲಿ ಆಕೆ ಗಂಡನೊಡನೆ ತಾನಾಗಿ ಆಡಿದ ಮೊದಲ ಮಾತು.

"ಅವಳು ಹಾಡ್ತಿದ್ಲಾ ಇಲ್ವಾ, ಕೇಳ್ಕೊಂಡು ಬನ್ನಿ."

ಅದಕ್ಕೆ ಕಾರಣವಿತ್ತು. ಭಾಷೆ ಬಾರದ ಈ ದೂರದ ಊರಿಗೆ ಬಂದ ಮೊದಲ ಆರು ತಿಂಗಳು ಮಗಳು ಫೋನಿನಲ್ಲಿ ಅತ್ತದ್ದೇ ಹೆಚ್ಚು. ಬೆಳಗಾದರೆ ಲ್ಯಾಬು, ಸಂಜೆಯಾದರೆ ರೂಮು. "ಲ್ಯಾಬಲ್ಲಿ ನನ್ನ ಹೆಸರು ನೆಟ್ಟಗೆ ಕರೆಯೋರು ಒಬ್ಬರಿಲ್ಲಪ್ಪ," ಎನ್ನುತ್ತಿದ್ದಳು. ಆಮೇಲೆ ಒಂದು ಶನಿವಾರ ಯಾರ ಜೊತೆಗೋ ಒಂದು ಹಾಲ್‌ಗೆ ಹಾಡು ಕೇಳಲು ಹೋದಳಂತೆ. ಅಲ್ಲಿ ವಾರಕ್ಕೊಮ್ಮೆ ವಿದ್ಯಾರ್ಥಿಗಳೇ ಸೇರಿ ಹಾಡುತ್ತಾರೆ, ಬಾರಿಸುತ್ತಾರೆ, ಊರವರು ಬಂದು ಕೇಳುತ್ತಾರೆ. ಮೂರನೆಯ ವಾರಕ್ಕೆ ಇವಳೂ ಹಾಡಿದಳು. ಅಂದಿನಿಂದ ಫೋನಿನ ದನಿಯೇ ಬೇರೆಯಾಯಿತು. ಡ್ರಮ್ ಬಾರಿಸುವ ಉದ್ದಪ್ಪ ಹೀಗಂದ, ಸೌಂಡು ನೋಡಿಕೊಳ್ಳುವ ವೈರ್ ತಾತ ಹಾಗಂದ, ಒಂದೇ ಕೊಡೆಯಲ್ಲಿ ನಾಲ್ಕು ಜನ ನೆನೆಯುತ್ತ ಬಂದೆವು. ಮಾತು ಮುಗಿಯುತ್ತಲೇ ಇರಲಿಲ್ಲ. ಅಮ್ಮನಿಗೆ ಹಿಗ್ಗು. ಅಪ್ಪ ಪಕ್ಕದಲ್ಲಿ ಕೂತು ಕೇಳಿಯೂ ಕೇಳದವರಂತೆ ಇರುತ್ತಿದ್ದರು.

ಎರಡನೆಯ ವರ್ಷ ಒಂದು ವಿಷಯದಲ್ಲಿ ಮಗಳು ಫೇಲಾದಳು. ಅದೇ ವಾರ ಪಕ್ಕದ ಮನೆಯವನು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಕೆಂಪು ಬೆಳಕು, ಕೈಯಲ್ಲಿ ಗ್ಲಾಸು ಹಿಡಿದ ಜನ, ನಡುವೆ ಕಣ್ಣು ಮುಚ್ಚಿ ಹಾಡುತ್ತಿರುವ ಮಗಳು. ದೇವರ ಮುಂದೆ ಬಿಟ್ಟು ಇನ್ನೆಲ್ಲೂ ಹಾಡು ಕೇಳಿ ಅಭ್ಯಾಸವಿಲ್ಲದ ಮನುಷ್ಯ ಅಪ್ಪ. ಮನೆಗೆ ಬಂದವರೇ ಮಗಳಿಗೆ ಫೋನು ಹಚ್ಚಿದರು.

"ನಿನ್ನನ್ನ ಅಲ್ಲಿಗೆ ಕಳಿಸಿದ್ದು ಓದೋಕಾ, ಕುಣಿಯೋಕಾ?"

"ಕುಣೀತಿಲ್ಲಪ್ಪ, ಹಾಡ್ತಿದೀನಿ. ಸರಿಯಾಗಿ ನೋಡಿ."

"ನನ್ನ ಮೇಲೆ ಆಣೆ ಇಟ್ಟು ಹೇಳು. ಓದು ಮುಗಿಯೋವರೆಗೂ ಬಾಯಿ ತೆಗೆದು ಹಾಡಲ್ಲ ಅಂತ."

ಒಳಗಿನಿಂದ ಹೆಂಡತಿ ಕೂಗಿದ್ದಳು. "ಆಣೆ ಗೀಣೆ ಎಲ್ಲಾ ಯಾಕ್ರೀ? ಬೈದಿದ್ದು ಸಾಕು, ಬಿಡಿ ಮಗೂನ."

ಫೋನಿನಲ್ಲಿ "ನಿಮ್ಮಾಣೆಗೂ ಹಾಡಲ್ಲಪ್ಪ," ಎಂಬ ಮಾತು ಬಂತು. ಆ ಸಂಜೆ ಅಪ್ಪ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು.

ಅದಾದ ಮೇಲೆ ಮಗಳು ಬದುಕಿದ್ದು ಎಂಟು ತಿಂಗಳು.

ಈಗ ಅಪ್ಪನ ಒಳಗೆ ಕೊರೆಯುತ್ತಿದ್ದುದು ಅದೊಂದೇ. ಜೀವಮಾನದಲ್ಲಿ ಸುಳ್ಳನ್ನು ಸಹಿಸದ ಮನುಷ್ಯ ಈಗ ಬೆಳಗೆದ್ದು ದೇವರನ್ನು ಕೇಳುತ್ತಿದ್ದುದು ಇಷ್ಟೇ: ನನ್ನ ಮಗಳು ನನಗೆ ಸುಳ್ಳು ಹೇಳಿರಲಿ. ಆಣೆ ಮುರಿದಿರಲಿ. ಆ ಎಂಟು ತಿಂಗಳೂ ಹಾಡಿರಲಿ. ಆದರೆ ಹೀಗೆ ಬೇಡುವಾಗಲೇ ಇನ್ನೊಂದು ಯೋಚನೆ ಬಂದು ಬಾಯಿ ಕಟ್ಟುತ್ತಿತ್ತು. ಆಣೆ ಮುರಿದಿದ್ದರೆ ಅದು ತಟ್ಟಬೇಕಾದದ್ದು ನನಗೆ. ನಾನೋ ಗುಂಡುಕಲ್ಲಿನ ಹಾಗಿದ್ದೇನೆ, ಅಂದರೆ ಅವಳು ಮುರಿದೇ ಇಲ್ಲ.

"ಒಂದು ಮಾತು ಕೇಳ್ತೀನಮ್ಮ," ಎಂದರು ಅಪ್ಪ, ಪೆಟ್ಟಿಗೆಯ ಮುಚ್ಚಳ ಹಾಕುತ್ತ. "ಅವಳು ಹಾಡ್ತಿದ್ಲಾ?"

ಹುಡುಗಿ ಬೆದರಿದಳು. ಮಗಳ ಜೊತೆ ಎರಡು ವರ್ಷ ಈ ಕೋಣೆಯಲ್ಲಿದ್ದವಳು, ತಮ್ಮದೇ ಮಾತಿನವಳು. ಅಪ್ಪನ ಸಿಟ್ಟಿನ ವಿಷಯ ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ.

"ಇಲ್ಲ ಅಂಕಲ್. ನೀವು ಹೇಳಿದ್ಮೇಲೆ ಬಿಟ್ಟೇಬಿಟ್ಲು. ಬರೀ ಓದು."

"ನಾನು ಬೈಯೋಕೆ ಬಂದಿಲ್ಲಮ್ಮ. ಯಾರನ್ನ ಬೈಲಿ ಇನ್ನು? ನಿಜ ಹೇಳು."

"ನಿಜಾನೇ ಅಂಕಲ್. ಶನಿವಾರ ಅಲ್ಲಿಗೆ ಹೋಗ್ತಿದ್ಲು, ಅಷ್ಟೇ."

ಅಪ್ಪ ತಲೆಯೆತ್ತಿದರು. "ಹೋಗ್ತಿದ್ಲಾ? ಪ್ರತಿ ಶನಿವಾರ?"

"ಒಂದೂ ತಪ್ಪಿಸ್ತಿರಲಿಲ್ಲ."

ಅಲ್ಲಿಯವರೆಗೆ ಹೋದವಳು ಹಾಡದೆ ಬರುತ್ತಾಳೆಯೇ? ಸತ್ತ ಗೆಳತಿಯ ಮಾನ ಕಾಯಲು ಈ ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡರು ಅಪ್ಪ. ಎರಡು ತಿಂಗಳಲ್ಲಿ ಮೊದಲ ಸಲ ಎದೆ ಸ್ವಲ್ಪ ಹಗುರವಾಯಿತು. ಒಳ್ಳೆಯ ಹುಡುಗಿ, ಹೇಳಲಿ.

"ಇವತ್ತು ಶನಿವಾರ ಅಲ್ವೇನಮ್ಮ? ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?"

ಟೈರು ಅಂಗಡಿಯ ಹಿಂದೆ, ಒಂದು ಕಾಲಕ್ಕೆ ಗೋದಾಮಾಗಿದ್ದ ದೊಡ್ಡ ಹಾಲ್ ಅದು. ಮಧ್ಯಾಹ್ನ ಮೂರು ಗಂಟೆ. ಕಾರ್ಯಕ್ರಮ ಆರಕ್ಕೆ. ವಿಡಿಯೋದ ಕೆಂಪು ಬೆಳಕು ಇರಲಿಲ್ಲ. ಎತ್ತರದ ಕಿಟಕಿಗಳಿಂದ ಮಂಕು ಬಿಸಿಲು ಸಿಮೆಂಟಿನ ನೆಲದ ಮೇಲೆ ಬಿದ್ದಿತ್ತು. ಮಡಿಸುವ ಕುರ್ಚಿಗಳನ್ನು ಇಬ್ಬರು ಹುಡುಗಿಯರು ಸಾಲಾಗಿ ಜೋಡಿಸುತ್ತಿದ್ದರು. ಗಾಳಿಯಲ್ಲಿ ರಬ್ಬರಿನ ವಾಸನೆ. ಮೊಣಕಾಲೆತ್ತರದ ಮರದ ವೇದಿಕೆ, ಅದರ ಮೇಲೆ ಹಳೆಯ ಜಮಖಾನೆ, ಅಡ್ಡಾದಿಡ್ಡಿ ವೈರುಗಳು. ಇಷ್ಟೇ ಜಾಗವೇ, ಇಷ್ಟಕ್ಕೇ ತಾನು ನಡುಗಿದ್ದೇ ಎನ್ನಿಸಿ ಅಪ್ಪ ಬಾಗಿಲಲ್ಲೇ ನಿಂತರು.

ಡ್ರಮ್ಮಿನ ಹಿಂದಿನಿಂದ ಒಬ್ಬ ಹುಡುಗ ಎದ್ದ. ಏಳುತ್ತಲೇ ಇದ್ದ, ಅಷ್ಟು ಎತ್ತರ. ಹತ್ತಿರ ಬಂದು ಅಪ್ಪನ ಎರಡೂ ಕೈ ಹಿಡಿದು, ತನ್ನ ಎದೆ ಮುಟ್ಟಿಕೊಂಡು, ತೊದಲುವ ಮಗುವಿನಂತೆ, "ಉದ್... ದಪ್ಪ," ಎಂದ. ಆಮೇಲೆ ಹುಡುಗಿಯ ಕಿವಿಯಲ್ಲಿ ಏನೋ ಕೇಳಿದ.

"ಅವಳೇ ಇಟ್ಟ ಹೆಸರು ಅಂಕಲ್," ಎಂದಳು ಹುಡುಗಿ. "ಹಾಗಂದ್ರೆ ರಾಜಕುಮಾರ ಅಂತ ಹೇಳಿಬಿಟ್ಟಿದ್ಲು. ನಿಜಾನಾ ಅಂತ ನಿಮ್ಮನ್ನ ಕೇಳ್ತಿದಾನೆ. ನಾನು ಅವತ್ತಿಂದ ನಗು ತಡ್ಕೊಂಡಿದೀನಿ."

ಅಪ್ಪ ತಲೆಯೆತ್ತಿ ಹುಡುಗನ ಮುಖ ನೋಡಿದರು. ಅವನ ಕಣ್ಣು ಕೆಂಪಾಗಿತ್ತು.

"ನಿಜ ಅಂತ ಹೇಳಮ್ಮ," ಎಂದರು. "ದೊಡ್ಡ ರಾಜಕುಮಾರ ಅಂತ ಹೇಳು."

ಹಾಲಿನ ಹಿಂಭಾಗದಲ್ಲಿ ಉದ್ದನೆಯ ಮೇಜು, ಅದರ ಮೇಲೆ ಸಾಲುಸಾಲು ಗುಂಡಿಗಳ ಯಂತ್ರ. ಅಲ್ಲಿ ಕೂತಿದ್ದವನು ನೆರೆತ ಗಡ್ಡದ ಮುದುಕ. ಕುತ್ತಿಗೆಯಲ್ಲಿ ದೊಡ್ಡ ಹೆಡ್‌ಫೋನು. ವೈರ್ ತಾತ ಇವನೇ ಎಂದು ಯಾರೂ ಹೇಳಬೇಕಾಗಲಿಲ್ಲ. ಅವನು ಎದ್ದು ತನ್ನ ಪಕ್ಕದ ಎತ್ತರದ ಸ್ಟೂಲನ್ನು ಅಂಗೈಯಿಂದ ಒರೆಸಿ, ಕೂರುವಂತೆ ಸನ್ನೆ ಮಾಡಿದ.

"ಅವಳು ಕೂರ್ತಿದ್ದ ಜಾಗ ಅಂತಿದಾರೆ," ಎಂದಳು ಹುಡುಗಿ.

"ಇಲ್ಲಿ ಯಾಕೆ ಕೂರ್ತಿದ್ಲು? ಹಾಡೋರು ಅಲ್ಲಿ ಮೇಲೆ ತಾನೇ ನಿಲ್ಲೋದು?"

ಹುಡುಗಿ ಮುದುಕನ ಕಡೆ ನೋಡಿದಳು. "ಕೇಳಮ್ಮ," ಎಂದರು ಅಪ್ಪ. "ನಾನು ಹೇಳಿದ ಹಾಗೇ ಕೇಳು. ಅವಳು ಕಡೇ ಸಲ ಹಾಡಿದ್ದು ಯಾವಾಗ?"

ಅವಳು ಕೇಳಿದಳು. ಮುದುಕನಿಗೆ ಸುಳ್ಳು ಹೇಳಲು ಕಾರಣವಿರಲಿಲ್ಲ. ನೆನಪು ಮಾಡಿಕೊಂಡು ನಿಧಾನವಾಗಿ ಹೇಳುತ್ತ ಹೋದ. ಹುಡುಗಿ ನೆಲ ನೋಡುತ್ತ ಅದನ್ನು ತಮ್ಮ ಮಾತಿಗೆ ತಿರುಗಿಸುತ್ತ ಹೋದಳು.

ಸುಮಾರು ಹತ್ತು ತಿಂಗಳ ಹಿಂದೆ ಒಂದು ಶನಿವಾರ ಬಂದು, ಇನ್ನು ಹಾಡುವುದಿಲ್ಲ, ಬೇರೆ ಏನಾದರೂ ಕೆಲಸ ಕೊಡಿ ಎಂದಳಂತೆ. ಮುದುಕ ತಮಾಷೆ ಎಂದುಕೊಂಡು ವೈರು ಸುತ್ತಲು ಹಚ್ಚಿದ. ವೈರನ್ನು ಸುಮ್ಮನೆ ಕೈಗೆ ಸುತ್ತಿದರೆ ಒಳಗೇ ತಿರುಚಿಕೊಳ್ಳುತ್ತದೆ. ಒಂದು ಸುತ್ತು ಮೇಲಿಂದ, ಮುಂದಿನದು ಕೆಳಗಿಂದ ಹಾಕಬೇಕು. ಇಲ್ಲಿಯ ಯಾವ ಹುಡುಗರಿಗೂ ಅದು ಬರಲಿಲ್ಲ. ಇವಳು ಒಂದೇ ಸಲಕ್ಕೆ ಕಲಿತಳು. ನಮ್ಮಪ್ಪ ಬೈಂಡಿಂಗ್ ದಾರ ಹೀಗೇ ಸುತ್ತುತ್ತಾರೆ ಎಂದಳಂತೆ. ಆಮೇಲೆ ಈ ಯಂತ್ರ ಕಲಿತಳು. ಯಾರ ದನಿ ಎಲ್ಲಿ ಸೊರಗುತ್ತದೆ, ಎಲ್ಲಿ ಒಡೆಯುತ್ತದೆ, ಎಲ್ಲವೂ ಅವಳಿಗೆ ಮೊದಲೇ ತಿಳಿಯುತ್ತಿತ್ತು.

"ಹಾಡಲೇ ಇಲ್ವಾ? ಯಾರೂ ಇಲ್ಲದಾಗ?" ಅಪ್ಪನ ದನಿ ಬೇಡುವವರ ದನಿಯಾಗಿತ್ತು.

ಮುದುಕ ನಕ್ಕ. ಒಂದು ಸಲ ಹಾಡುವವಳು ಬಂದಿರಲಿಲ್ಲ, ಮೈಕ್ ಪರೀಕ್ಷೆ ಮಾಡಬೇಕಿತ್ತು. ನೀನೇ ಹೋಗಿ ಎರಡು ಸಾಲು ಹಾಡು ಎಂದು ಇವಳನ್ನು ಕಳಿಸಿದ. ಇವಳು ಮೈಕಿನ ಮುಂದೆ ನಿಂತಳು. ಸುತ್ತ ನೋಡಿದಳು. ಗೋಡೆಯ ಮೇಲೆ ಬೆಂಕಿ ಆರಿಸುವ ಕೆಂಪು ಸಿಲಿಂಡರು, ಅದರ ಪಕ್ಕ ಬಳಸುವ ಕ್ರಮದ ಹಲಗೆ. ಅದನ್ನೇ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಪಿನ್ನು ಕೀಳಿ, ಕೊಳವೆಯನ್ನು ಬೆಂಕಿಯ ಬುಡಕ್ಕೆ ತಿರುಗಿಸಿ, ಹಿಡಿಯನ್ನು ಒತ್ತಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಮಾತ್ರ ನಗಲಿಲ್ಲ.

"ಗಂಟಲಿಗೆ ಏನೋ ಆಗಿತ್ತಲ್ಲ, ಡಾಕ್ಟ್ರು ಹಾಡಬೇಡ ಅಂದಿದ್ರಂತಲ್ಲ, ಅದು ವಾಸಿಯಾಗ್ತಿತ್ತಾ ಅಂತ ಕೇಳ್ತಿದಾರೆ ಅಂಕಲ್," ಎಂದಳು ಹುಡುಗಿ, ಇನ್ನೂ ನೆಲ ನೋಡುತ್ತಲೇ.

"ಗಂಟಲಿಗಾ?"

"ಇವರಿಗೆಲ್ಲ ಹಾಗಂತ ಹೇಳಿದ್ಲು."

ಮಗಳು ಸುಳ್ಳು ಹೇಳಿದ್ದಳು. ತಮಗಲ್ಲ. ಅಪ್ಪ ಮೇಜಿನ ಅಂಚು ಹಿಡಿದುಕೊಂಡರು. "ರೂಮಲ್ಲಾದ್ರೂ ಹಾಡ್ತಿದ್ಲಾ?" ಎಂದು ಕೇಳಿದರು.

"ಬೇಡ ಅಂಕಲ್."

"ಹೇಳಮ್ಮ. ಅವಳ ಅಮ್ಮ ಕೇಳಿ ಕಳಿಸಿದಾಳೆ."

"ಬಚ್ಚಲಲ್ಲೂ ಗುನುಗ್ತಿರಲಿಲ್ಲ. ನಾನು ರೇಗಿಸ್ತಿದ್ದೆ, ಏನೇ, ನಿಮ್ಮಪ್ಪ ನಲ್ಲಿಯಿಂದ ಕೇಳಿಸ್ಕೋತಾರಾ ಅಂತ. ಅದಕ್ಕೆ, ಆಣೆ ಕಣೇ, ಅಪ್ಪಂಗೇನಾದ್ರೂ ಆದ್ರೆ ಅಂದ್ಲು. ಜ್ವರ ಬಂದಾಗ್ಲೂ ನಿಮ್ಮದೇ ಕೇಳ್ತಿದ್ಲು. ಅಪ್ಪನ ಬಿಪಿ ಎಷ್ಟಿದೆಯಂತೆ, ಫೋನ್ ಮಾಡಿ ಕೇಳು ಅಂತ."

ಆ ವಾರ ಯಾರೋ ಫೋನು ಮಾಡಿ ಬಿಪಿ ಕೇಳಿದ್ದು ಅಪ್ಪನಿಗೆ ನೆನಪಾಯಿತು. ಚೆನ್ನಾಗಿದೀನಮ್ಮ ಎಂದು ತಾವೇ ಗಟ್ಟಿಯಾಗಿ ಹೇಳಿದ್ದೂ ನೆನಪಾಯಿತು.

ಕುರ್ಚಿ ಜೋಡಿಸುವ ಸದ್ದು ನಿಂತಿತ್ತು. ಅಪ್ಪ ಕಣ್ಣು ಮುಚ್ಚಿ ಅಭ್ಯಾಸದಂತೆ ದೇವರ ನಾಮಕ್ಕೆ ತಡಕಿದರು. ಅದು ನಾಲಿಗೆಯವರೆಗೆ ಬಂದು ಅಲ್ಲೇ ನಿಂತಿತು. ಊರಿಗೆ ಹೋಗಿ ಹೆಂಡತಿಗೆ ಏನೆಂದು ಹೇಳುವುದು? ಹೌದು, ಹಾಡುತ್ತಿದ್ದಳು, ಕೊನೆಯವರೆಗೂ ಹಾಡಿದಳು ಎಂದು ಹೇಳಬಹುದು. ಆಕೆ ಮುಖ ನೋಡಿಯೇ ತಿಳಿದುಬಿಡುತ್ತಾಳೆ.

"ಅವಳು ಮೊದಲು ಹಾಡ್ತಿದ್ದಾಗ ಎಲ್ಲಿ ನಿಲ್ತಿದ್ಲು?" ಎಂದು ಕೇಳಿದರು.

ಉದ್ದಪ್ಪ ಅವರ ಮೊಣಕೈ ಹಿಡಿದು ವೇದಿಕೆ ಹತ್ತಿಸಿದ. ಜಮಖಾನೆಯ ಒಂದು ಕಡೆ ನಿಲ್ಲಿಸಿ, ಮೈಕಿನ ಕಂಬವನ್ನು ಅವರ ಎತ್ತರಕ್ಕೆ ಇಳಿಸಿದ. ಎದುರಿಗೆ ಖಾಲಿ ಕುರ್ಚಿಗಳು, ಕೊನೆಯಲ್ಲಿ ಮುದುಕ, ಅವನ ಪಕ್ಕದಲ್ಲಿ ಸ್ಟೂಲು. ಮುದುಕ ಒಂದು ಗುಂಡಿಯನ್ನು ಮೇಲಕ್ಕೆ ಸರಿಸಿದ. ಹಾಲಿನಲ್ಲೆಲ್ಲ ಅಪ್ಪನ ಉಸಿರಾಟ ಕೇಳಿಸಿತು. ಆ ಸದ್ದಿಗೆ ಅವರೇ ಬೆಚ್ಚಿದರು.

ಏನಾದರೂ ಹೇಳಿ ಎಂದು ಮುದುಕ ಕೈಯಾಡಿಸಿದ.

ಅಪ್ಪ ತುಟಿ ಒದ್ದೆ ಮಾಡಿಕೊಂಡರು. ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಎರಡೂ ಕೈ ಜೋಡಿಸಿ ನಿಂತರು.

"ಆಣೆ ವಾಪಸ್ ತಗೊಂಡಿದೀನಿ ಮಗಳೇ," ಎಂದರು. "ಹಾಡಮ್ಮ."

ಅದು ಅರ್ಥವಾದದ್ದು ಆ ಹಾಲಿನಲ್ಲಿ ಮಗಳ ಗೆಳತಿ ಒಬ್ಬಳಿಗೇ. ಅವಳು ಗೋಡೆಯ ಕಡೆ ತಿರುಗಿ ನಿಂತಳು. ಮುದುಕ ಹೆಡ್‌ಫೋನಿನ ಒಂದು ಬಟ್ಟಲನ್ನು ಕಿವಿಗೆ ಒತ್ತಿ ಹಿಡಿದು, ತಲೆ ಅಲ್ಲಾಡಿಸಿ, ಸರಿಯಾಗಿ ಕೇಳಲಿಲ್ಲವೆಂದು ಸನ್ನೆ ಮಾಡಿದ. ಇನ್ನೂ ಹತ್ತಿರ ಬನ್ನಿ, ಇನ್ನೊಂದು ಸಲ, ಸ್ವಲ್ಪ ಜೋರಾಗಿ.

ಅಪ್ಪ ಒಂದು ಹೆಜ್ಜೆ ಮುಂದೆ ಬಂದು ಮತ್ತೆ ಹೇಳಿದರು. ಮುದುಕನ ಮುಂದಿನ ಯಂತ್ರದಲ್ಲಿ ದನಿಯ ಏರಿಳಿತ ತೋರಿಸುವ ಒಂದೇ ಒಂದು ಸಾಲಿನ ಹಸಿರು ದೀಪಗಳು ಒಂದರ ಮೇಲೊಂದು ಹತ್ತಿಕೊಂಡು, ಅರ್ಧದವರೆಗೆ ಏರಿ, ಮಾತು ನಿಂತೊಡನೆ ಮೇಲಿನಿಂದ ಒಂದೊಂದಾಗಿ ಆರಿದವು.