ಹೆಗಡೆಯವರ ಊಟದ ಪಾಸ್‌ವರ್ಡ್

ಶಿರಸಿಯ ನಮ್ಮ ಅಡಿಕೆ ಸೊಸೈಟಿಗೆ ಕಂಪ್ಯೂಟರ್ ಬಂದಾಗ ಜೊತೆಗೊಂದು ಪೀಡೆಯೂ ಬಂತು. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕಂತೆ. ಮ್ಯಾನೇಜರ್ ದಿನಕರ ಹೆಗಡೆಯವರು ಇದಕ್ಕೊಂದು ಉಪಾಯ ಹುಡುಕಿದರು. ಬದಲಿಸುವ ದಿನ ಊಟದಲ್ಲಿ ಯಾವುದು ಬಹಳ ರುಚಿಸಿತೋ ಅದರ ಹೆಸರನ್ನೇ ಇಡುವುದು. ಮರೆತರೆ ನೆನಪಿಸಲು ಹೆಂಡತಿ ನೀಲಕ್ಕ ಇದ್ದಾರೆ, ನಮ್ಮಲ್ಲೇ ಕ್ಲಾರ್ಕು. ಅಡುಗೆ ಮಾಡಿದವರಿಗೆ ನೆನಪಿರದೆ ಇರುತ್ತದೆಯೇ?

ಅಷ್ಟರಲ್ಲಿ ಹೆಗಡೆಯವರಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಸಿಹಿ ಬಂದ್ ಮಾಡಿದರು, ಮನೆಯಲ್ಲಿ ಹಾಗಲಕಾಯಿಯ ದರ್ಬಾರು ಶುರುವಾಯಿತು. ನೀಲಕ್ಕನ ತಂದೆ ಇದೇ ಕಾಯಿಲೆಯಲ್ಲಿ ತೀರಿಕೊಂಡವರು. ಗಂಡನೂ ಹಾಗೇ ಆದರೆ ಎಂಬ ಹೆದರಿಕೆ ಆಕೆಗೆ. ಹೆಗಡೆಯವರು ಮಾತ್ರ ಪಥ್ಯ ಒಂದು ದಿನವೂ ತಪ್ಪಿಸಿಲ್ಲವೆಂದು ಜನಿವಾರ ಹಿಡಿದು ಹೇಳುತ್ತಿದ್ದರು.

ವ್ಯಾಪಾರಿಗಳು ಅಡಿಕೆಗೆ ದರ ಹಾಕುವ ಒಂದು ಟೆಂಡರ್ ದಿನ ಅವರು ಮದುವೆಗೆಂದು ಯಲ್ಲಾಪುರಕ್ಕೆ ಹೋದರು, ಪಾಸ್‌ವರ್ಡ್ ಹೇಳದೆ. ನೀಲಕ್ಕ ‘ಹಾಗಲಕಾಯಿ’ ಎಂದು ಒತ್ತಿದರು. ತೆರೆಯಲಿಲ್ಲ. ‘ಮೆಂತೆ ತಂಬುಳಿ’ಗೂ ತೆರೆಯಲಿಲ್ಲ. ಇನ್ನೊಮ್ಮೆ ತಪ್ಪಿದರೆ ಕಂಪ್ಯೂಟರ್ ಬೀಗ ಹಾಕಿಕೊಳ್ಳುತ್ತದೆ, ಬಿಚ್ಚಲು ಹುಬ್ಬಳ್ಳಿಯವನೇ ಬರಬೇಕು. ಅಡಿಕೆ ತಂದವರು ದರ ಕೇಳಲು ಕಿಟಕಿಗೆ ಮುಖ ಅಂಟಿಸಿ ನಿಂತಿದ್ದರು.

“ಪಾಸ್‌ವರ್ಡ್ ಬದಲಿಸಿದ ದಿನ ಡಬ್ಬಿ ಕಟ್ಟಿಕೊಟ್ಟಿದ್ದು ನಾನೇ. ಅದರಲ್ಲಿ ಬೇರೆ ಎಂತ ಇರ್ತದೆ?” ಎಂದು ನೀಲಕ್ಕ ತಲೆ ಕೆರೆದುಕೊಂಡರು.

ನಾನು ಮದುವೆ ಮನೆಗೆ ಫೋನು ಹಚ್ಚಿದೆ.

“ಬಸವರಾಜ, ಪಕ್ಕದಲ್ಲಿ ಅವಳಿದ್ದಾಳಾ?” ಹೆಗಡೆಯವರದು ಪಿಸುದನಿ.

“ಜೋರ್ ಹೇಳ್ರಿ ಸರ್! ಪಾಸ್‌ವರ್ಡ್ ಏನೈತ್ರಿ?”

ಹೇಳಿದರು. ನಾನು ದಾಸನಕೊಪ್ಪದವ, ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡಿ ಬೆಳೆದವ. ಫೋನಿನಲ್ಲಿ ಪಿಸುಗುಡುವುದು ನಮ್ಮ ವಂಶದಲ್ಲೇ ಇಲ್ಲ.

“ತೊಡೆದೇವಾ? ಬೆಲ್ಲದ ತೊಡೆದೇವು ತಿಂದಿದ್ರೇನ್ರೀ ಅವತ್ತು?”

ಕಿಟಕಿಯಾಚೆ ಇದ್ದವರೆಲ್ಲ ನಕ್ಕರು. ನೀಲಕ್ಕ ನಗಲಿಲ್ಲ. ತಾವೇ ‘ತೊಡೆದೇವು’ ಒತ್ತಿದರು, ಕಂಪ್ಯೂಟರ್ ತೆರೆಯಿತು. ದರದ ಕಾಗದ ಮುದ್ರಿಸಿ ನನ್ನ ಕೈಗೆ ಕೊಟ್ಟು ಫೋನು ಕಸಿದುಕೊಂಡರು.

“ಈಗ ಅಲ್ಲಿ ಬಾಳೆಲೆ ಮೇಲೆ ಎಂತ ಬಡಿಸಿದ್ದ?”

ಆ ಕಡೆಯ ಪಿಸುದನಿ ನನಗೂ ಕೇಳಿಸಿತು, “ಹೋಳಿಗೆ. ಒಂದೇ ಒಂದು.”

ನೀಲಕ್ಕ ಫೋನಿಟ್ಟರು. ಕಣ್ಣಲ್ಲಿ ನೀರಿತ್ತು. “ನಮ್ಮಪ್ಪನೂ ಒಂದೇ ಒಂದು ಅಂತಿದ್ದ, ಬಸವರಾಜಣ್ಣ.” ಆಕೆ ಮೂಗೊರೆಸಿಕೊಂಡು, ಅಲ್ಲೇ ಕುಳಿತು ಪಾಸ್‌ವರ್ಡ್ ಬದಲಿಸಿದರು.

ಮರುದಿನ ಹೆಗಡೆಯವರು ಬಂದು ‘ತೊಡೆದೇವು’ ಒತ್ತಿದರು. ಆಗಲಿಲ್ಲ. ನನ್ನ ಮುಖ ನೋಡಿದರು, ನಾನು ಸೀಲಿಂಗ್ ಫ್ಯಾನು ನೋಡಿದೆ.

“ಮನೇಲಿ ನಿನ್ನೆ ರಾತ್ರಿ ನಾನು ಎಂತ ಬಡಿಸಿದ್ದಿ ಅಂತ ನೆನಪು ಮಾಡ್ಕಳಿ,” ಎಂದರು ನೀಲಕ್ಕ, ತಲೆ ಎತ್ತದೆ.

ಹೆಗಡೆಯವರು ನಿಟ್ಟುಸಿರು ಬಿಟ್ಟು ‘ಹಾಗಲಕಾಯಿ’ ಎಂದು ಒತ್ತಿದರು. ತೆರೆಯಿತು.

ಈಗಲೂ ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಗುತ್ತದೆ, ಬದಲಿಸುವವರು ನೀಲಕ್ಕ. ಹಾಗಲಕಾಯಿ ಗೊಜ್ಜು, ಹಾಗಲಕಾಯಿ ಪಲ್ಯ, ಹಾಗಲಕಾಯಿ ಸಾಸಿವೆ. ಜನಿವಾರದ ಆಣೆಯನ್ನು ಆಕೆ ಈಗ ನಂಬುವುದಿಲ್ಲ. ದಿನಾ ಬೆಳಿಗ್ಗೆ ಪಕ್ಕದಲ್ಲಿ ನಿಂತು, ಗಂಡ ಒತ್ತುವುದನ್ನು ನೋಡುತ್ತಾರೆ.